ಗುಟ್ಟು, ಗೆಳೆತನ ಮತ್ತು ಪತ್ತೇದಾರಿ

ವಿರಾಜಪೇಟೆಯಿಂದ ಕಣ್ಣೂರಿಗೆ ಹೊರಟ ಬಸ್ಸು ಪೆರುಂಬಾಡಿಯನ್ನು ಬಿಟ್ಟು ಘಟ್ಟವಿಳಿಯತೊಡಗಿದರೆ, ನಡುಹಗಲಿನಲ್ಲೂ ಬೆಳಕನ್ನು ಸೋಸಿ ಬಿಡುವ ಮಳೆಕಾಡು ಎರಡೂ ಬದಿಗೆ ಕವಿದುಕೊಳ್ಳುತ್ತದೆ. ಆ ಇಳಿಜಾರಿನ ಬುಡದಲ್ಲಿ ಮಾಕುಟ್ಟ. ಅಲ್ಲಿ ತನಿಖಾ ಠಾಣೆಯ ಅಡ್ಡಗಂಬ; ಮುಂದೆ ಕೂಟುಪುಳೆಯ ಸೇತುವೆ; ಅದರಾಚೆ ಕೇರಳ. ತಂದೆಯವರ ನೌಕರಿಯ ನಿಮಿತ್ತ ನನ್ನ ಹದಿಮೂರು, ಹದಿನಾಲ್ಕನೆಯ ವಯಸ್ಸು ಅಲ್ಲಿ ಕಳೆಯಿತು. ಬಂದ ಲಾರಿಗಳನ್ನೆಲ್ಲ ತಡೆದು ‘ಒಳಗೇನಿದೆ?’ ಎಂದು ಕೇಳುವುದನ್ನು ನೋಡುತ್ತ ಬೆಳೆದವನು ನಾನು. ಆ ವಯಸ್ಸಿನ ಮಕ್ಕಳನ್ನು ಹಿರಿಯರು ಕೇಳುವುದೂ ಇದೇ ಪ್ರಶ್ನೆಯನ್ನು. ಮಕ್ಕಳು ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೇ: ‘ಏನೂ ಇಲ್ಲ.’

ಇದು ನೆನಪಾದದ್ದು ನಮ್ಮ ಮನೆಯ ಒಂದು ಸಣ್ಣ ವ್ಯಾಜ್ಯದಿಂದ. ಹದಿನಾಲ್ಕು ವರ್ಷದ ಮೊಮ್ಮಗಳು ಊಟದ ಹೊತ್ತಿನಲ್ಲೂ ಒಂದು ಇಂಗ್ಲಿಷ್ ಕಾದಂಬರಿಯನ್ನು ಬಿಡಲೊಲ್ಲಳು. ಕರೆನ್ ಮೆಕ್‌ಮ್ಯಾನಸ್ ಅವರು 2017ರಲ್ಲಿ ಪ್ರಕಟಿಸಿದ ‘ಒನ್ ಆಫ್ ಅಸ್ ಈಸ್ ಲೈಯಿಂಗ್’. ‘ನಮ್ಮಲ್ಲೊಬ್ಬರು ಸುಳ್ಳುಗಾರರು’ ಎಂದು ಹೆಸರಿನ ಅರ್ಥ. ‘ಬರೀ ಕೊಲೆ, ಸುಳ್ಳು, ಗುಟ್ಟು. ನೀವಾದರೂ ಹೇಳಿ ಮಾವ’ ಎಂದು ಸೊಸೆ ನನ್ನ ಮುಂದೆ ಫಿರ್ಯಾದು ತಂದಳು. ತೀರ್ಪು ಕೊಡುವ ಮೊದಲು ಪುಸ್ತಕವನ್ನು ಓದುವುದು ನ್ಯಾಯವೆಂದು ನಾನೂ ಓದಿದೆ.

ನಿಜ ಹೇಳಬೇಕೆಂದರೆ, ಈ ವಿಚಾರದಲ್ಲಿ ನಮ್ಮ ತಲೆಮಾರಿನವರು ನ್ಯಾಯಾಧೀಶರಾಗಲು ಅರ್ಹರಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ, ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಭೂಗೋಳದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವರು ನಾವು. ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಆದರೆ ಆ ಕಥೆಗಳಲ್ಲಿ ರಹಸ್ಯವನ್ನು ಬಿಡಿಸುವವರು ದೊಡ್ಡವರು. ನಾವು ಬೆರಗಿನಿಂದ ಹಿಂಬಾಲಿಸುವವರು. ಮಕ್ಕಳೇ ಮುಂದಾಗಿ, ದೊಡ್ಡವರು ಹಿಂದೆ ಸರಿಯುವ ಕಥೆಗಳ ಸೆಳೆತ ಬೇರೆಯದು.

ಆ ಸೆಳೆತ ಯಾವುದು? ಎನಿಡ್ ಬ್ಲೈಟನ್ ಅವರು 1942ರಿಂದ 1963ರವರೆಗೆ ಬರೆದ ‘ಫೇಮಸ್ ಫೈವ್’ ಮಾಲೆಯ ಇಪ್ಪತ್ತೊಂದು ಪುಸ್ತಕಗಳಲ್ಲಿ ನಾಲ್ವರು ಮಕ್ಕಳು, ಒಂದು ನಾಯಿ. ಚಿಕ್ಕಪ್ಪನಿಗೆ ತನ್ನ ಸಂಶೋಧನೆಯಿಂದ ತಲೆಯೆತ್ತಲು ಪುರಸತ್ತಿಲ್ಲ. ‘ಸೀಕ್ರೆಟ್ ಸೆವೆನ್’ ಮಾಲೆಯಲ್ಲಂತೂ ಸಂಕೇತಪದವನ್ನು ಹೇಳದೆ ಕೊಟ್ಟಿಗೆಯೊಳಗೆ ಪ್ರವೇಶವೇ ಇಲ್ಲ. ಮನೆಯಲ್ಲಿ ಕೋಣೆಯಿಲ್ಲದ, ಬೀಗದ ಪೆಟ್ಟಿಗೆಯಿಲ್ಲದ ಹುಡುಗನಿಗೂ ಗುಟ್ಟೊಂದು ಇರಬಹುದು. ಅದೇ ಅವನ ಮೊದಲ ಸ್ವಂತ ಆಸ್ತಿ. ಅದನ್ನು ಯಾರೊಡನೆ ಹಂಚಿಕೊಳ್ಳುವನೋ ಅವರು ಅವನು ತಾನೇ ಆರಿಸಿಕೊಂಡ ಮೊದಲ ಬಂಧುಗಳು.

ಬ್ಲೈಟನ್ ಅವರ ಲೋಕದಲ್ಲಿ ಗುಟ್ಟು ಹೊರಗಿನದು: ಕಳ್ಳಸಾಗಣೆಗಾರರದು, ಸುರಂಗದ್ದು, ದ್ವೀಪದ್ದು. ಗೆಳೆಯರ ನಡುವೆ ಕಲ್ಮಷವಿಲ್ಲ. ಮೊಮ್ಮಗಳ ಕಾದಂಬರಿಯಲ್ಲಿ ಹಾಗಲ್ಲ. ಶಾಲೆಯಲ್ಲಿ ಶಿಕ್ಷೆಗೆಂದು ಒಂದೇ ಕೋಣೆಯಲ್ಲಿ ಕೂರಿಸಿದ ಐವರು ವಿದ್ಯಾರ್ಥಿಗಳಲ್ಲಿ ಒಬ್ಬ ಸಾಯುತ್ತಾನೆ. ಸತ್ತವನು ಇತರರ ಗುಟ್ಟುಗಳನ್ನು ಬಯಲು ಮಾಡುತ್ತಿದ್ದವನು. ಉಳಿದ ನಾಲ್ವರಿಗೂ ಬಚ್ಚಿಡಬೇಕಾದದ್ದು ಒಂದೊಂದಿದೆ. ರಹಸ್ಯ ಸುರಂಗದಿಂದೆದ್ದು ಪಕ್ಕದ ಬೆಂಚಿಗೆ ಬಂದು ಕುಳಿತಿದೆ.

ಇದು ಈ ಕಾಲದ ಕೆಡುಕೆಂದು ಹೇಳುವವರುಂಟು. ನಾನು ಒಪ್ಪಲಾರೆ. ಜರ್ಮನಿಯ ಎರಿಕ್ ಕೆಸ್ಟ್‌ನರ್ 1929ರಲ್ಲಿ ಬರೆದ ಎಮಿಲ್ ಎಂಬ ಬಾಲಕನ ಕಥೆಯನ್ನು ನೋಡಿ. ರೈಲಿನಲ್ಲಿ ನಿದ್ದೆಹೋದ ಎಮಿಲನ ಹಣವನ್ನು ಸಹಪ್ರಯಾಣಿಕನೊಬ್ಬ ಕದಿಯುತ್ತಾನೆ. ಬರ್ಲಿನ್ನಿನ ಹುಡುಗರೆಲ್ಲ ಒಂದಾಗಿ ಕಳ್ಳನ ಬೆನ್ನುಹತ್ತುತ್ತಾರೆ. ಎಮಿಲ್ ನೇರವಾಗಿ ಪೊಲೀಸರ ಬಳಿಗೆ ಏಕೆ ಹೋಗಲಿಲ್ಲ? ಅವನು ತನ್ನೂರಿನಲ್ಲಿ ಒಂದು ಪ್ರತಿಮೆಯ ಮುಖಕ್ಕೆ ಬಣ್ಣ ಬಳಿದಿದ್ದ. ಅದು ಬಯಲಾದೀತೆಂಬ ಭಯ. ಕಳ್ಳನನ್ನು ಹಿಡಿಯಹೊರಟವನ ಎದೆಯಲ್ಲೂ ಒಂದು ಪುಟ್ಟ ಅಪರಾಧ! ಈ ಬಗೆಯ ಕಥೆಯ ಜೀವ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ‘ಯಾರು ಮಾಡಿದರು?’ ಎಂಬುದು ಮೇಲಿನ ಪ್ರಶ್ನೆ. ‘ನನಗೆ ಗೊತ್ತಿರುವುದನ್ನು ನಾನು ಹೇಳಬೇಕೇ?’ ಎಂಬುದು ಒಳಗಿನ ಪ್ರಶ್ನೆ.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಕೃತಿ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. 1985ರಲ್ಲಿ ಬಂದ ಆ ಕಾದಂಬರಿಗೆ 1987ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ದೊರೆಯಿತು. ಏಲಕ್ಕಿ ಬೆಳೆಯ ಅವನತಿ, ಅದರ ಬೆನ್ನಿಗೊಂದು ಸಾವು, ಅದರ ತನಿಖೆ: ಇದು ದೊಡ್ಡವರ ಪತ್ತೇದಾರಿ. ಅದರ ಪಕ್ಕದಲ್ಲೇ ಕೆಸರೂರಿನ ಕಾಲೇಜು ಹುಡುಗರ ಕ್ರಾಂತಿಯ ಕನಸು. ರಫಿ, ಜಯಂತಿಯರ ಮುಚ್ಚಿಟ್ಟ ಪ್ರೀತಿ. ಊರನ್ನು ಸುಡುವ ಬೆಂಕಿ ಯಾವ ಗುಟ್ಟಿನಿಂದ ಹೊತ್ತೀತೆಂದು ದೊಡ್ಡವರಿಗೆ ತಿಳಿಯುವುದೇ ಇಲ್ಲ.

ಒಳಗಿನ ಆ ಪ್ರಶ್ನೆ ನನ್ನನ್ನು ಮಾಕುಟ್ಟದಲ್ಲಿ ಎದುರಿಸಿತ್ತು. ನಾವು ಮೂವರು ಗೆಳೆಯರು. ಪರೀಕ್ಷೆಯಲ್ಲಿ ನಪಾಸಾದ ಒಬ್ಬ, ಕಣ್ಣೂರಿಗೆ ಓಡಿಹೋಗಿ ದೋಣಿಯಲ್ಲಿ ಕೆಲಸ ಹಿಡಿಯುವೆನೆಂದು ನಮ್ಮಿಬ್ಬರಿಗೆ ಹೇಳಿ, ತಾಯಿಯಾಣೆ ಹಾಕಿಸಿಕೊಂಡ. ಠಾಣೆಯವರ ಕಣ್ಣಿಗೆ ಬೀಳದಂತೆ ಕಾಡಿನ ಕಾಲುದಾರಿಯಲ್ಲಿ ಹೊರಟ. ಜೂನ್ ತಿಂಗಳು. ಹೊಳೆ ತುಂಬಿತ್ತು, ಆನೆಗಳು ತಿರುಗುವ ಕಾಡು. ದೊಡ್ಡವರು ಲಾಂದ್ರ ಹಿಡಿದು ವಿರಾಜಪೇಟೆಯ ದಿಕ್ಕಿನಲ್ಲಿ ಹುಡುಕುತ್ತಿದ್ದರು. ನಾವು ಬಾಯಿ ಬಿಡಲಿಲ್ಲ. ಮೊದಲ ದಿನ ಅದರಲ್ಲೊಂದು ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಎರಡನೆಯ ಸಂಜೆ ಅವನ ತಾಯಿ ನಮ್ಮ ಜಗಲಿಯಲ್ಲಿ ಕುಳಿತು, ‘ಮೋನೇ, ಏನಾದರೂ ಗೊತ್ತಿದ್ದರೆ ಹೇಳು’ ಎಂದರು. ನಾನು ಹೇಳಿಬಿಟ್ಟೆ. ಇರಿಟ್ಟಿಯ ಚಹದಂಗಡಿಯೊಂದರ ಹಿಂದೆ, ಜ್ವರದಿಂದ ನಡುಗುತ್ತ ಮಲಗಿದ್ದವನನ್ನು ಮರುದಿನ ಕರೆತಂದರು.

ನಮಗೆ ವರ ಬಂದು ಊರು ಬಿಡುವವರೆಗೂ, ಅಂದರೆ ಇಡೀ ಒಂದು ವರ್ಷ, ಅವನು ನನ್ನೊಡನೆ ಮಾತನಾಡಲಿಲ್ಲ. ನಾನು ಹೇಳಿದ್ದು ಸರಿಯೆಂದು ಇಂದಿಗೂ ನಂಬಿದ್ದೇನೆ. ಎರಡು ದಿನ ತಡಮಾಡಿದ್ದು ತಪ್ಪೆಂದೂ ಬಲ್ಲೆ. ಗೆಳೆತನಕ್ಕೆ ನಿಷ್ಠೆಯೂ ಗೆಳೆಯನ ಪ್ರಾಣದ ಹೊಣೆಯೂ ಎದುರುಬದುರಾದಾಗ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಶಾಲೆಯ ನೀತಿಪಾಠ ‘ಸತ್ಯವನ್ನೇ ನುಡಿ’ ಎಂದಿತ್ತು. ‘ಕೊಟ್ಟ ಮಾತಿಗೆ ತಪ್ಪಬೇಡ’ ಎಂದೂ ಅದೇ ಪಾಠ ಹೇಳಿತ್ತು.

ಈ ಕಾದಂಬರಿಗಳಲ್ಲಿ ಉತ್ಪ್ರೇಕ್ಷೆಯುಂಟು, ಅಸಂಭವಗಳುಂಟು. ಆದರೂ ಆ ಇಕ್ಕಟ್ಟಿನಲ್ಲಿ ಒಮ್ಮೆ ನಿಂತುನೋಡುವ ಅವಕಾಶವನ್ನು, ಯಾರ ಪ್ರಾಣಕ್ಕೂ ಅಪಾಯವಿಲ್ಲದಂತೆ, ಅವು ಮಕ್ಕಳಿಗೆ ಒದಗಿಸುತ್ತವೆ. ಸೊಸೆಗೆ ಹೇಳಿದ್ದೂ ಇಷ್ಟೇ: ‘ಓದಲಿ ಬಿಡಮ್ಮ. ಅವಳಿಗೆ ಹೇಳಬೇಕೆನಿಸಿದ ದಿನ ಕೇಳಲು ನಾವು ಮನೆಯಲ್ಲಿದ್ದರೆ ಸಾಕು.’

ಮೊಮ್ಮಗಳಿಗೆ ಮಾಕುಟ್ಟದ ಕಥೆಯನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: ‘ತಾತ, ಆ ಇನ್ನೊಬ್ಬ ಗೆಳೆಯ ಕೊನೆಗೂ ಹೇಳಲೇ ಇಲ್ಲವೇ?’ ಇಲ್ಲ, ಅವನು ಹೇಳಲಿಲ್ಲ. ಅವನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.