ಯಂತ್ರ ಒಬ್ಬರದು, ಆಟ ಹಲವರದು

ಟಿ.ವಿ. ಪೆಟ್ಟಿಗೆಗೆ ಜೋಡಿಸಿ ಆಡುವ ವಿಡಿಯೋ ಆಟದ ಯಂತ್ರವನ್ನು ಇಂದು ಹಳ್ಳಿಯ ಮಕ್ಕಳೂ ಬಲ್ಲರು. ಕನ್ಸೋಲ್ ಎಂಬುದು ಅದರ ಹೆಸರು. ಯಾವ ಯಂತ್ರ ಉತ್ತಮವೆಂದು ಮಕ್ಕಳಲ್ಲಿ ವಾದ ಎದ್ದಾಗ, ಯಾವುದರ ವೇಗ ಹೆಚ್ಚು, ಯಾವುದರ ಚಿತ್ರ ಸ್ಫುಟ ಎಂಬುದರ ಮೇಲೆಯೇ ತೀರ್ಮಾನವಾಗುತ್ತದೆ. ಹಣ ತೆರುವ ತಂದೆತಾಯಿಗಳೂ ಅಂಗಡಿಯಲ್ಲಿ ಅದನ್ನೇ ಕೇಳುತ್ತಾರೆ. ಆದರೆ ಈ ಉದ್ಯಮದ ಸುಮಾರು ಐವತ್ತು ವರ್ಷಗಳ ಚರಿತ್ರೆಯನ್ನು ಓದಿ ನೋಡಿದರೆ, ಗೆದ್ದ ಯಂತ್ರಗಳು ಗೆದ್ದದ್ದೂ ಸೋತವು ಸೋತದ್ದೂ ಬಹುಪಾಲು ಬೇರೆಯೇ ಒಂದು ಕಾರಣದಿಂದ ಎಂಬುದು ಗೋಚರಿಸುತ್ತದೆ. ಬಯಲಿನಲ್ಲಿ ರಂಗಸ್ಥಳ ಕಟ್ಟಿ, ದೀಪ ಹಚ್ಚಿ, ಚಾಪೆ ಹಾಸಿಬಿಟ್ಟರೆ ಯಕ್ಷಗಾನವಾಗುವುದಿಲ್ಲ, ಮೇಳ ಬರಬೇಕು. ಕನ್ಸೋಲ್ ಎಂಬುದು ರಂಗಸ್ಥಳ. ಆಟಗಳನ್ನು ಬರೆಯಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುವ ಪ್ರಕಾಶಕರೇ ಅದರ ಮೇಳ.

ಈ ವ್ಯಾಪಾರದ ಲೆಕ್ಕಾಚಾರ ಸ್ವಲ್ಪ ವಿಚಿತ್ರವಾದದ್ದು. ಯಂತ್ರವನ್ನು ತಯಾರಿಸುವ ಕಂಪನಿ ಅದನ್ನು ಅನೇಕ ವೇಳೆ ಅಸಲಿಗೇ, ಕೆಲವೊಮ್ಮೆ ನಷ್ಟಕ್ಕೇ ಮಾರುತ್ತದೆ. ಆ ಯಂತ್ರಕ್ಕಾಗಿ ಇತರರು ಪ್ರಕಟಿಸುವ ಪ್ರತಿಯೊಂದು ಆಟದ ಪ್ರತಿಯಿಂದಲೂ ಇಂತಿಷ್ಟು ಎಂದು ಪರವಾನಗಿ ಶುಲ್ಕ ಪಡೆದು, ತನ್ನ ಆಟಗಳನ್ನೂ ಮಾರಿ, ಆ ನಷ್ಟವನ್ನು ತುಂಬಿಕೊಳ್ಳುತ್ತದೆ. ಪ್ರಕಾಶಕನಾದರೋ, ಈ ಯಂತ್ರ ಎಷ್ಟು ಮನೆಗಳಲ್ಲಿದೆ ಎಂದು ಮೊದಲು ಕೇಳುತ್ತಾನೆ. ಕೊಳ್ಳುವವನು, ಇದಕ್ಕೆ ಎಷ್ಟು ಆಟಗಳಿವೆ ಎಂದು ಕೇಳುತ್ತಾನೆ. ಒಬ್ಬನು ಇನ್ನೊಬ್ಬನ ಮುಖ ನೋಡುತ್ತ ನಿಂತರೆ ಕೆಲಸ ಕೆಟ್ಟಿತು. ಬೀಜವೃಕ್ಷನ್ಯಾಯವೆಂದರೆ ಇದೇ. ಈ ಗಂಟನ್ನು ಬಿಡಿಸಬೇಕಾದವನು ಯಂತ್ರದ ಒಡೆಯ; ಅವನು ಪ್ರಕಾಶಕರೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲಿಗೆ ಅಮೆರಿಕದ ಅಟಾರಿ ಕಂಪನಿಯ ಕಥೆ. 1977ರಲ್ಲಿ ಅದು ಹೊರತಂದ ಯಂತ್ರಕ್ಕೆ ಆರಂಭದಲ್ಲಿ ಹೊರಗಿನ ಪ್ರಕಾಶಕರು ಎಂಬುವರೇ ಇರಲಿಲ್ಲ, ಆಟಗಳೂ ಅದರವೇ. ಅವುಗಳನ್ನು ಬರೆದವರ ಹೆಸರನ್ನು ಪೆಟ್ಟಿಗೆಯ ಮೇಲೆ ಹಾಕುವ ಪದ್ಧತಿಯಿರಲಿಲ್ಲ, ಮಾರಾಟದಲ್ಲಿ ಪಾಲೂ ಇರಲಿಲ್ಲ. ಡೇವಿಡ್ ಕ್ರೇನ್ ಮೊದಲಾದ ನಾಲ್ವರು ಇದನ್ನು ಪ್ರಶ್ನಿಸಲು ಹೋದಾಗ, ಬಟ್ಟೆ ಉದ್ಯಮದಿಂದ ಬಂದಿದ್ದ ಅಧ್ಯಕ್ಷ ರೇ ಕಸ್ಸಾರ್ ಅವರು, ಪೆಟ್ಟಿಗೆ ಜೋಡಿಸುವ ಕಾರ್ಮಿಕರಿಗಿಂತ ನೀವೇನೂ ಹೆಚ್ಚಿನವರಲ್ಲ ಎಂಬರ್ಥದ ಉತ್ತರ ಕೊಟ್ಟರೆಂದು ಕ್ರೇನ್ ಮುಂದೆ ಹೇಳಿಕೊಂಡಿದ್ದಾರೆ. ನಾಲ್ವರೂ ಹೊರನಡೆದು 1979ರಲ್ಲಿ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಪರರ ಯಂತ್ರಕ್ಕೆ ಆಟ ಪ್ರಕಟಿಸುವುದನ್ನೇ ಕಸುಬಾಗಿ ಮಾಡಿಕೊಂಡ ಮೊದಲ ಸಂಸ್ಥೆ ಅದು. ಅಟಾರಿ ನ್ಯಾಯಾಲಯಕ್ಕೆ ಹೋಯಿತು, 1982ರಲ್ಲಿ ರಾಜಿಯಾಯಿತು. ಅದೇ ವರ್ಷ ಕ್ರೇನ್ ಬರೆದ ‘ಪಿಟ್‌ಫಾಲ್’ ಆಟ ಲಕ್ಷಗಟ್ಟಲೆ ಮಾರಾಟವಾಗಿ, ಅಟಾರಿಯ ಯಂತ್ರವನ್ನೇ ಇನ್ನಷ್ಟು ಮನೆಗಳಿಗೆ ಕೊಂಡೊಯ್ದಿತು. ಯಾರನ್ನು ಶತ್ರುಗಳೆಂದು ಕರೆದು ಕಟಕಟೆಗೆ ಎಳೆದರೋ ಅವರೇ ಉಪಕಾರಿಗಳಾದದ್ದು ಸ್ವಾರಸ್ಯದ ಸಂಗತಿ.

ಆದರೆ ಬಾಗಿಲು ತೆರೆದ ಮೇಲೆ ಒಳಬಂದವರೆಲ್ಲ ಕ್ರೇನ್‌ನಂಥವರಾಗಿರಲಿಲ್ಲ. ಓಟ್ಸ್ ಮಾರುವ ಕ್ವೇಕರ್ ಕಂಪನಿಯೂ ಆಟಗಳ ವ್ಯಾಪಾರಕ್ಕಿಳಿಯಿತು; ನಾಯಿಯ ತಿಂಡಿಯ ಜಾಹೀರಾತಿಗಾಗಿಯೇ ಒಂದು ಆಟ ಹೊರಬಂತು. ಯಾರನ್ನೂ ತಡೆಯುವ ಉಪಾಯ ಅಟಾರಿಯ ಯಂತ್ರದಲ್ಲಿರಲಿಲ್ಲ. ಅಂಗಡಿಗಳು ಕಸದಿಂದ ತುಂಬಿದವು, ಮೂವತ್ತು ಡಾಲರಿಗೂ ಮೇಲ್ಪಟ್ಟ ಬೆಲೆಯ ಆಟಗಳು ಐದು ಡಾಲರಿನ ರಾಶಿಗೆ ಬಿದ್ದವು, ಒಳ್ಳೆಯದನ್ನೂ ಕೊಳ್ಳುವವರಿಲ್ಲವಾದರು. ಅಟಾರಿಯೂ ನಿರ್ದೋಷಿಯಲ್ಲ. ‘ಇ.ಟಿ.’ ಚಲನಚಿತ್ರದ ಆಟವನ್ನು 1982ರಲ್ಲಿ ಸುಮಾರು ಐದೇ ವಾರಗಳಲ್ಲಿ ಬರೆಯಿಸಿ, ಮಿತಿಮೀರಿ ತಯಾರಿಸಿ, ಮಾರಾಟವಾಗದೆ ಉಳಿದ ಸರಕನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತು. 2014ರಲ್ಲಿ ಅಗೆದಾಗ ಅವು ಸಿಕ್ಕವು. ಅಮೆರಿಕದಲ್ಲಿ 1983ರ ಸುಮಾರಿಗೆ 300 ಕೋಟಿ ಡಾಲರಿಗೂ ಮೀರಿದ್ದ ಈ ವ್ಯಾಪಾರ 1985ರ ವೇಳೆಗೆ 10 ಕೋಟಿಗೆ ಕುಸಿಯಿತೆಂದು ಅಂದಾಜು.

ಈ ಕುಸಿತದಿಂದ ಪಾಠ ಕಲಿತದ್ದು ಜಪಾನಿನ ನಿಂಟೆಂಡೊ. ಕ್ಯೋಟೊ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡಲು ಹುಟ್ಟಿದ ಮನೆತನದ ಕಂಪನಿ ಅದು. 1985ರಲ್ಲಿ ಅಮೆರಿಕಕ್ಕೆ ತಂದ ತನ್ನ ಯಂತ್ರದಲ್ಲಿ ಬೀಗದಂತೆ ಕೆಲಸಮಾಡುವ ಒಂದು ಚಿಪ್ಪನ್ನು ಅದು ಇಟ್ಟಿತು. ಕಾರ್ಟ್ರಿಜ್ ಎಂಬ ಆಟದ ಡಬ್ಬಿಯಲ್ಲಿ ಅದಕ್ಕೆ ಹೊಂದುವ ಕೀಲಿಯ ಚಿಪ್ ಇಲ್ಲದಿದ್ದರೆ ಆಟ ನಡೆಯದು. ಕೀಲಿ ನಿಂಟೆಂಡೊ ಕೈಯಲ್ಲಿ. ಒಬ್ಬ ಪ್ರಕಾಶಕ ವರ್ಷಕ್ಕೆ ಐದೇ ಆಟಗಳನ್ನು ತರಬೇಕು. ಎರಡು ವರ್ಷ ಆ ಆಟವನ್ನು ಬೇರೆ ಯಂತ್ರಕ್ಕೆ ಕೊಡಕೂಡದು. ಕಾರ್ಟ್ರಿಜ್‌ಗಳನ್ನು ನಿಂಟೆಂಡೊ ಮೂಲಕವೇ, ಹಣ ಮುಂಗಡ ಕಟ್ಟಿ ಮಾಡಿಸಿಕೊಳ್ಳಬೇಕು. ಮಾರಾಟವಾಗದೆ ಉಳಿದರೆ ನಷ್ಟ ಪ್ರಕಾಶಕನದೇ. ಕೊನಾಮಿ ಎಂಬ ಸಂಸ್ಥೆ ಐದರ ಮಿತಿಯನ್ನು ದಾಟುವುದಕ್ಕಾಗಿ ‘ಅಲ್ಟ್ರಾ’ ಎಂಬ ಇನ್ನೊಂದು ಹೆಸರಿನ ಅಂಗಸಂಸ್ಥೆಯನ್ನೇ ತೆರೆಯಬೇಕಾಯಿತು. ಗ್ರಾಹಕನಿಗೆ ಇದರಿಂದ ಲಾಭವಾಯಿತೆಂಬುದನ್ನು ಒಪ್ಪಲೇಬೇಕು. ಕಸ ಕಡಿಮೆಯಾಯಿತು, ಯಂತ್ರ 6 ಕೋಟಿಗೂ ಮಿಕ್ಕಿ ಮಾರಾಟವಾಯಿತು. ಬೇರೆ ಗತಿಯಿಲ್ಲದಷ್ಟು ಕಾಲ ಪ್ರಕಾಶಕರು ಬಾಯಿ ಮುಚ್ಚಿಕೊಂಡಿದ್ದರು. ಆದರೆ ಗತಿಯಿಲ್ಲದೆ ಉಳಿದವನು ಸ್ನೇಹಿತನಲ್ಲ.

ಆ ಬೇರೆ ಗತಿಯನ್ನು ಒದಗಿಸಿಕೊಟ್ಟದ್ದು ಸೋನಿ. ಸೋನಿಯ ಇಂಜಿನಿಯರ್ ಕೆನ್ ಕುತರಾಗಿ ಅವರು ನಿಂಟೆಂಡೊ ಯಂತ್ರಕ್ಕೆ ಸಿ.ಡಿ. ಓಡಿಸುವ ಭಾಗವೊಂದನ್ನು ಆ ಕಂಪನಿಯೊಡನೆ ಸೇರಿಯೇ ಸಿದ್ಧಪಡಿಸುತ್ತಿದ್ದರು. 1991ರಲ್ಲಿ, ಸೋನಿ ಆ ವಿಷಯವನ್ನು ಲೋಕಕ್ಕೆ ಸಾರಿದ ಮರುದಿನವೇ, ನಿಂಟೆಂಡೊ ತಾನು ಫಿಲಿಪ್ಸ್ ಕಂಪನಿಯೊಡನೆ ಕೂಡುವುದಾಗಿ ಪ್ರಕಟಿಸಿತು. ತುಂಬಿದ ಸಭೆಯಲ್ಲಿ ಮುಖಭಂಗವಾದಂತಾಯಿತು. ಕುತರಾಗಿ ಛಲ ಬಿಡಲಿಲ್ಲ. 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಜಪಾನಿನ ಅಂಗಡಿಗಳಿಗೆ ಬಂತು.

ಸೋನಿಗೆ ಆಗ ಆಟ ಬರೆಯುವ ದೊಡ್ಡ ಪರಂಪರೆಯಿರಲಿಲ್ಲ. ಆ ಕೊರತೆಯೇ ಅದಕ್ಕೆ ವಿನಯ ಕಲಿಸಿತೆಂದು ನನ್ನ ಅಭಿಪ್ರಾಯ. ಪರರ ಆಟಗಳಿಲ್ಲದೆ ತನ್ನ ಯಂತ್ರ ಬರಿಯ ಪೆಟ್ಟಿಗೆ ಎಂಬ ಅರಿವಿನಿಂದಲೇ ಅದು ಪ್ರಕಾಶಕರ ಮನೆಬಾಗಿಲಿಗೆ ಹೋಯಿತು. ಆಟ ಬರೆಯುವವರಿಗೆ ಸುಲಭವಾದ ಸಲಕರಣೆಗಳನ್ನು ಒದಗಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದು ಸಿ.ಡಿ. ಕಾರ್ಟ್ರಿಜ್ ಮಾಡಿಸುವ ಖರ್ಚಿನ ಒಂದು ಸಣ್ಣ ಅಂಶದಲ್ಲಿ ಸಿ.ಡಿ. ತಯಾರಾಗುತ್ತಿತ್ತು. ಕಾರ್ಟ್ರಿಜ್ ಕೈಸೇರಲು ವಾರಗಟ್ಟಲೆ ಕಾಯಬೇಕಾದುದರಿಂದ ಎಷ್ಟು ಮಾರಾಟವಾದೀತೆಂದು ಪ್ರಕಾಶಕನು ಮೊದಲೇ ಜೂಜಾಡಬೇಕಿತ್ತು, ಸಿ.ಡಿ.ಯಾದರೆ ಸ್ವಲ್ಪ ಅಚ್ಚು ಹಾಕಿಸಿ, ಬೇಡಿಕೆ ಬಂದಂತೆ ಕೆಲವೇ ದಿನಗಳಲ್ಲಿ ಮತ್ತೆ ಹಾಕಿಸಬಹುದು. ಪುಸ್ತಕ ಅಚ್ಚು ಹಾಕಿಸಿ, ಕಟ್ಟುಗಳನ್ನು ಅಟ್ಟದ ಮೇಲೆ ಗೆದ್ದಲಿಗೆ ಒಪ್ಪಿಸಿದ ಅನುಭವವುಳ್ಳವರಿಗೆ ಈ ವ್ಯತ್ಯಾಸದ ಬೆಲೆಯನ್ನು ವಿವರಿಸಬೇಕಾಗಿಲ್ಲ. ನಿಂಟೆಂಡೊದ ಮೇಲೆ ಮುನಿಸಿಕೊಂಡಿದ್ದ ನಾಮ್ಕೊ ಸಂಸ್ಥೆ ಮೊದಲ ದಿನವೇ ‘ರಿಡ್ಜ್ ರೇಸರ್’ ಎಂಬ ಕಾರು ಓಟದ ಆಟದೊಡನೆ ಸೋನಿಯ ಪಕ್ಕದಲ್ಲಿ ನಿಂತಿತು.

ನಿಂಟೆಂಡೊ 1996ರಲ್ಲಿ ತಂದ ತನ್ನ ಹೊಸ ಯಂತ್ರಕ್ಕೂ ಕಾರ್ಟ್ರಿಜ್ ಅನ್ನೇ ಇಟ್ಟುಕೊಂಡಿತು. ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಕಾರ್ಟ್ರಿಜ್‌ನಲ್ಲಿ ಆಟ ತಡವಿಲ್ಲದೆ ತೆರೆದುಕೊಳ್ಳುತ್ತದೆ, ಮಕ್ಕಳ ಕೈಯಲ್ಲಿ ಬೇಗ ಕೆಡುವುದಿಲ್ಲ, ಕಳ್ಳಪ್ರತಿ ಮಾಡುವುದು ಕಷ್ಟ. ಆದರೆ ಅತಿ ದೊಡ್ಡ ಕಾರ್ಟ್ರಿಜ್‌ನಲ್ಲಿ ಹಿಡಿಯುತ್ತಿದ್ದುದು 64 ಮೆಗಾಬೈಟ್, ಒಂದು ಸಿ.ಡಿ.ಯಲ್ಲಿ ಅದರ ಹತ್ತರಷ್ಟು. ಸ್ಕ್ವೇರ್ ಎಂಬ ಪ್ರಕಾಶನ ಸಂಸ್ಥೆಗೆ ಈ ಇಕ್ಕಟ್ಟು ಸಹಿಸಲಾಗಲಿಲ್ಲ. 1987ರಿಂದ 1994ರವರೆಗೆ ತನ್ನ ‘ಫೈನಲ್ ಫ್ಯಾಂಟಸಿ’ ಮಾಲೆಯ ಆರು ಆಟಗಳನ್ನೂ ಅದು ನಿಂಟೆಂಡೊಗೇ ಕೊಟ್ಟಿತ್ತು. ಏಳನೆಯದರಲ್ಲಿ ಚಲನಚಿತ್ರದಂಥ ದೃಶ್ಯಗಳನ್ನು ತುಂಬಬೇಕೆಂಬ ಹಂಬಲ ಅದರದು. 1996ರಲ್ಲಿ ಅದು ಸೋನಿಯ ಕಡೆಗೆ ಹೊರಟಿತು. 1997ರ ಜನವರಿ 31ರಂದು ಆ ಏಳನೆಯ ಆಟ ಮೂರು ಸಿ.ಡಿ.ಗಳಲ್ಲಿ ಹೊರಬಂತು. ಜಪಾನಿನ ಮನೆಮನೆಯ ಆಟವಾಗಿದ್ದ ‘ಡ್ರ್ಯಾಗನ್ ಕ್ವೆಸ್ಟ್’ನ ಒಡೆಯರಾದ ಎನಿಕ್ಸ್ ಸಂಸ್ಥೆಯವರೂ ಅದೇ ತಿಂಗಳು ಸೋನಿಯ ದಾರಿ ಹಿಡಿಯುವುದಾಗಿ ತಿಳಿಸಿದರು. ನಿಂಟೆಂಡೊ ಮತ್ತು ಸ್ಕ್ವೇರ್‌ಗಳ ನಡುವೆ ವರ್ಷಗಟ್ಟಲೆ ಮಾತುಕತೆಯೇ ನಿಂತುಹೋಯಿತು. ಕೊನೆಯ ಲೆಕ್ಕ ಹೀಗಿದೆ: ಪ್ಲೇಸ್ಟೇಷನ್ 10 ಕೋಟಿಗೂ ಹೆಚ್ಚು, ನಿಂಟೆಂಡೊ 64 ಸುಮಾರು 3 ಕೋಟಿ 30 ಲಕ್ಷ. ನಿಂಟೆಂಡೊದ ಸ್ವಂತ ಆಟಗಳು ಆಗಲೂ ಶ್ರೇಷ್ಠವಾಗಿಯೇ ಇದ್ದವು ಎಂಬುದನ್ನು ನೆನಪಿಡಬೇಕು.

ಇನ್ನು ಸೆಗಾ ಕಂಪನಿಯದು ಕರುಣಾಜನಕ ಕಥೆ. 1990ರ ಆಸುಪಾಸಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಪ್ರಕಾಶಕರು ಸೆಗಾ ಯಂತ್ರದ ಒಳಗುಟ್ಟನ್ನು ತಾವೇ ಬಿಡಿಸಿಕೊಂಡು, ಆ ಬಲದಿಂದ ಶುಲ್ಕದಲ್ಲಿ ರಿಯಾಯಿತಿ ಪಡೆದರು. ಕಸಿವಿಸಿಯಿಂದ ಆರಂಭವಾದ ಈ ಸಂಬಂಧದಿಂದ ಇಬ್ಬರೂ ಬೆಳೆದರು. ಅವರ ಅಮೆರಿಕನ್ ಫುಟ್‌ಬಾಲ್ ಆಟಕ್ಕಾಗಿಯೇ ಸೆಗಾ ಯಂತ್ರವನ್ನು ಕೊಂಡವರು ಬಹಳ. ಅನಂತರ ಸೆಗಾ ಅವಸರಕ್ಕೆ ಬಿತ್ತು. 1994ರ ಕೊನೆಯಲ್ಲಿ ಹಳೆಯ ಯಂತ್ರಕ್ಕೊಂದು ಜೋಡಣೆಯನ್ನು ಮಾರಿ, ಆರೇ ತಿಂಗಳಲ್ಲಿ ಸ್ಯಾಟರ್ನ್ ಎಂಬ ಬೇರೆ ಯಂತ್ರವನ್ನೇ ತಂದಿತು. ಅದೂ ಹೇಗೆ? ಸೆಪ್ಟೆಂಬರ್‌ನಲ್ಲಿ ಬರುವುದೆಂದು ಹೇಳಿ, 1995ರ ಮೇ 11ರಂದು ಇಂದೇ ಬಂದಿದೆ ಎಂದು ಸಾರಿತು. ಸೆಪ್ಟೆಂಬರ್‌ಗಾಗಿ ಆಟಗಳನ್ನು ಸಿದ್ಧಪಡಿಸುತ್ತಿದ್ದ ಪ್ರಕಾಶಕರು ಕೈ ಬರಿದಾಗಿ ನಿಂತರು. ಪರೀಕ್ಷೆಯನ್ನು ನಾಲ್ಕು ತಿಂಗಳು ಮುಂಚಿತವಾಗಿ, ಅದೂ ಅದೇ ಬೆಳಗ್ಗೆ ನಡೆಸಿದರೆ ಮಕ್ಕಳ ಗತಿಯೇನು?

ಹೀಗೆ ನಂಬಿಕೆ ಕಳೆದುಕೊಂಡ ಮೇಲೆ ಬಂದದ್ದು ಡ್ರೀಮ್‌ಕಾಸ್ಟ್. ಅದು ನಿಜಕ್ಕೂ ಒಳ್ಳೆಯ ಯಂತ್ರ. 1999ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ ಮೊದಲ ದಿನವೇ ಎರಡು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆದರೆ ಎಲೆಕ್ಟ್ರಾನಿಕ್ ಆರ್ಟ್ಸ್ ಒಂದು ಆಟವನ್ನೂ ಕೊಡಲಿಲ್ಲ. ಕ್ರೀಡೆಯ ಆಟಗಳನ್ನು ತಾವೊಬ್ಬರೇ ತರುವ ಹಕ್ಕು ಬೇಕೆಂದು ಅವರು ಕೇಳಿದರೆಂದೂ, ಅಂಥ ಆಟಗಳಿಗಾಗಿಯೇ ತಾವು ಒಂದು ಸಂಸ್ಥೆಯನ್ನು ಕೊಂಡಿದ್ದುದರಿಂದ ಒಪ್ಪಲಾಗಲಿಲ್ಲವೆಂದೂ ಸೆಗಾದ ಅಮೆರಿಕ ಶಾಖೆಯನ್ನು ನಡೆಸುತ್ತಿದ್ದ ಬರ್ನಿ ಸ್ಟೋಲರ್ ಮುಂದೆ ತಿಳಿಸಿದ್ದಾರೆ. ಸೆಗಾದ ಸ್ವಂತ ಫುಟ್‌ಬಾಲ್ ಆಟ ಮೆಚ್ಚುಗೆ ಪಡೆಯಿತಾದರೂ, ದೊಡ್ಡವರೇ ಬಾರದ ಮನೆಗೆ ನಾವೇಕೆ ಎಂಬ ಅನುಮಾನ ಹರಡಲು ಅಷ್ಟು ಸಾಕಾಯಿತು. 2000ದಲ್ಲಿ ಪ್ಲೇಸ್ಟೇಷನ್ 2 ಬಂದಾಗ ಪ್ರಕಾಶಕರೆಲ್ಲ ಅತ್ತ ತಿರುಗಿದರು. 2001ರ ಜನವರಿ 31ರಂದು ಸೆಗಾ ಯಂತ್ರ ತಯಾರಿಕೆಯನ್ನೇ ಕೈಬಿಡುವುದಾಗಿ ಹೇಳಿತು. ಅದರ ಅಧ್ಯಕ್ಷ ಇಸಾವೊ ಒಕಾವ ಅವರು ಕಂಪನಿಯಿಂದ ತಮಗೆ ಬರಬೇಕಾಗಿದ್ದ ಸಾಲವನ್ನು ಮನ್ನಾ ಮಾಡಿ, ಸುಮಾರು 70 ಕೋಟಿ ಡಾಲರ್ ಬೆಲೆಯ ತಮ್ಮ ಷೇರುಗಳನ್ನೂ ಕಂಪನಿಗೇ ಒಪ್ಪಿಸಿ, ಅದೇ ಮಾರ್ಚ್‌ನಲ್ಲಿ ತೀರಿಕೊಂಡರು. ಆ ವರ್ಷಾಂತ್ಯಕ್ಕೆ ಸೆಗಾದ ಸೋನಿಕ್ ನಿಂಟೆಂಡೊ ಯಂತ್ರದ ಮೇಲೆ ಓಡುತ್ತಿತ್ತು. ಮೇಳವಿಲ್ಲದ ರಂಗಸ್ಥಳದ ಒಡೆಯ ತಾನೇ ಮೇಳವಾಗಿ ಹೊರಟಿದ್ದ.

ಹಾಗಾದರೆ ಪ್ರಕಾಶಕರೇ ಸರ್ವಸ್ವವೇ ಎಂದು ಓದುಗರು ಕೇಳಬಹುದು. ಅಲ್ಲ. 2006ರಲ್ಲಿ ನಿಂಟೆಂಡೊ ತಂದ ವೀ ಯಂತ್ರ ಪ್ರತಿಸ್ಪರ್ಧಿಗಳಷ್ಟು ಶಕ್ತವಲ್ಲದ್ದರಿಂದ ದೊಡ್ಡ ಪ್ರಕಾಶಕರ ಅನೇಕ ಆಟಗಳು ಅದಕ್ಕೆ ಬರಲೇ ಇಲ್ಲ. ಕೈ ಬೀಸಿ ಆಡುವ ಹೊಸತನದಿಂದಲೇ, ಸ್ವಂತ ಆಟಗಳ ಬಲದಿಂದಲೇ ಅದು 10 ಕೋಟಿ ದಾಟಿತು. ಆದರೆ ಆ ಹೊಸತನ ಮಾಸಿದ ಮೇಲೆ 2012ರಲ್ಲಿ ಬಂದ ವೀ ಯು ಯಂತ್ರಕ್ಕೆ ಆಸರೆಯಾಗುವವರಿಲ್ಲವಾದರು. 2011ರ ಜೂನ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಮುಖ್ಯಸ್ಥರು ವೇದಿಕೆಯೇರಿ, ಹಿಂದೆಂದೂ ಇಲ್ಲದ ಸಹಯೋಗವೆಂದು ಸಾರಿದ್ದರು. ಬೆರಳೆಣಿಕೆಯ ಆಟಗಳ ಬಳಿಕ 2013ರ ಮೇ ತಿಂಗಳಲ್ಲಿ, ಸದ್ಯಕ್ಕೆ ಈ ಯಂತ್ರಕ್ಕೆ ಯಾವ ಆಟವನ್ನೂ ಮಾಡುತ್ತಿಲ್ಲವೆಂದು ಅದೇ ಸಂಸ್ಥೆ ಹೇಳಿತು. ಉಬಿಸಾಫ್ಟ್ ಸಂಸ್ಥೆ ಅದೊಂದಕ್ಕೇ ಎಂದು ಮಾಡಿದ್ದ ‘ರೇಮನ್ ಲೆಜೆಂಡ್ಸ್’ ಆಟವನ್ನು ಬಿಡುಗಡೆಯ ಹೊಸ್ತಿಲಲ್ಲಿ ತಡೆದು, ಇತರ ಯಂತ್ರಗಳಿಗೂ ಸಿದ್ಧವಾಗಲೆಂದು ಆರು ತಿಂಗಳು ಮುಂದೂಡಿತು. ಆ ಯಂತ್ರ ಮಾರಾಟವಾದದ್ದು 1 ಕೋಟಿ 36 ಲಕ್ಷದಷ್ಟು ಮಾತ್ರ.

ಮಕ್ಕಳ ಒತ್ತಾಯಕ್ಕೆ ಸಾವಿರಾರು ರೂಪಾಯಿ ತೆರಲಿರುವ ತಂದೆತಾಯಿಗಳು ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಹೊಸ ಯಂತ್ರದ ಉದ್ಘಾಟನೆಯ ದಿನ ಪ್ರಕಾಶಕರ ಹೆಸರಿನ ಪಟ್ಟಿ ಯಾವಾಗಲೂ ಉದ್ದವಾಗಿಯೇ ಇರುತ್ತದೆ. ಅದನ್ನು ನೋಡಿ ಕೊಳ್ಳಬೇಡಿ. ಒಂದು ವರ್ಷ ಕಾದು, ಅವರಲ್ಲಿ ಎರಡನೆಯ ಆಟ ತಂದವರು ಎಷ್ಟು ಮಂದಿ ಎಂದು ಎಣಿಸಿರಿ. ವೀ ಯು ಕೊಂಡ ಮನೆಗಳಲ್ಲಿ ಆ ಎಣಿಕೆ ಮಾಡಿದ್ದವರು ಹಣ ಉಳಿಸಿಕೊಳ್ಳುತ್ತಿದ್ದರು.

ನಿಂಟೆಂಡೊ 2017ರ ಮಾರ್ಚ್‌ನಲ್ಲಿ ಸ್ವಿಚ್ ಎಂಬ ಯಂತ್ರವನ್ನು ತಂದಿತು. ಈ ಬಾರಿ ಪ್ರಕಾಶಕರಿಗೆ ಪರಿಚಿತವಾದ ಸಲಕರಣೆಗಳಿಂದಲೇ ಆಟ ಬರೆಯಲು ಅನುಕೂಲ ಮಾಡಿಕೊಟ್ಟಿತು. ಸಣ್ಣ ಪ್ರಕಾಶಕರಿಗೂ ಬಾಗಿಲು ತೆರೆಯಿತು. ಅದು 15 ಕೋಟಿಯನ್ನೂ ದಾಟಿತು. ಅದರ ಆಟಗಳು ಬರುವುದು ಅಂಚೆಚೀಟಿಯಷ್ಟೇ ದೊಡ್ಡದಾದ ಕಾರ್ಡಿನಲ್ಲಿ, ಇಲ್ಲವೇ ಅಂತರ್ಜಾಲದ ಮೂಲಕ. 1997ರಲ್ಲಿ ಮೂರು ಸಿ.ಡಿ.ಗಳಿಗಾಗಿ ನಿಂಟೆಂಡೊವನ್ನು ತೊರೆದು ಹೋಗಿದ್ದ ಆ ಏಳನೆಯ ‘ಫೈನಲ್ ಫ್ಯಾಂಟಸಿ’, 2019ರ ಮಾರ್ಚ್ 26ರಂದು ಮೊದಲ ಬಾರಿಗೆ ನಿಂಟೆಂಡೊ ಯಂತ್ರವೊಂದಕ್ಕೆ ಬಂತು.