ಗುಂಡಿ ಒತ್ತಿದರೆ ಲಯ ಕೂಡೀತೆ?

ಆರತಕ್ಷತೆಯಲ್ಲೋ ಕಾಲೇಜಿನ ಸಮಾರಂಭದಲ್ಲೋ ಡಿಜೆ ಹಾಕಿದ ಹಾಡಿಗೆ ಕುಣಿಯದ ಯುವಮಿತ್ರರು ನಮ್ಮಲ್ಲಿ ವಿರಳ. ಆದರೆ ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ತಾಳ ತಪ್ಪದೆ ಬಂದು ಸೇರುವುದು ಹೇಗೆಂದು ಯೋಚಿಸಿದ್ದೀರಾ?

ಜಪಾನಿನ ಟೆಕ್ನಿಕ್ಸ್ 1972ರಲ್ಲಿ ಹೊರತಂದ ಎಸ್‌ಎಲ್-1200 ರೆಕಾರ್ಡ್ ಪ್ಲೇಯರಿನ ತಟ್ಟೆಯನ್ನು ಬೆಲ್ಟಿನ ಬದಲು ಮೋಟಾರೇ ನೇರವಾಗಿ ತಿರುಗಿಸುತ್ತಿತ್ತು. ಕೈಯಿಂದ ತಡೆದು ಬಿಟ್ಟರೂ ಕ್ಷಣದಲ್ಲಿ ವೇಗಕ್ಕೆ ಮರಳುತ್ತಿತ್ತು. ಡಿಜೆಯಾದವನು ಒಂದು ಕಿವಿಯಲ್ಲಿ ಸಭಾಂಗಣದ ಹಾಡು, ಇನ್ನೊಂದರಲ್ಲಿ ಹೆಡ್‌ಫೋನಿನ ಹಾಡು ಕೇಳುತ್ತ, ವೇಗದ ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿ ಎರಡರ ಲಯ ಕೂಡಿಸಬೇಕು. ನಿಮಿಷಕ್ಕೆ 126 ಬಡಿತದ ಹಾಡನ್ನು 124ಕ್ಕೆ ಇಳಿಸಲು ತಗ್ಗಿಸಬೇಕಾದ್ದು ಶೇಕಡಾ 1.6ರಷ್ಟು. ಅದನ್ನು ಕಿವಿಯೇ ಹೇಳಬೇಕಿತ್ತು. ವರ್ಷಗಟ್ಟಲೆ ಸಾಧನೆಯ ಕೆಲಸ!

2001ರಲ್ಲಿ ಪಯೋನಿಯರಿನ ಸಿಡಿಜೆ-1000 ಬಂದು, ಸಿಡಿಯನ್ನೂ ರೆಕಾರ್ಡಿನಂತೆ ಕೈಯಲ್ಲಿ ಆಡಿಸುವಂತಾಯಿತು. 2004ರಲ್ಲಿ ಸೆರಾಟೊ ತಂತ್ರಾಂಶ ಬಂದಮೇಲೆ ಪೆಟ್ಟಿಗೆಗಟ್ಟಲೆ ರೆಕಾರ್ಡು ಹೊರುವುದೂ ತಪ್ಪಿತು. ಈಗಂತೂ ಬಡಿತಗಳು ಪರದೆಯ ಮೇಲೆ ಅಲೆಗಳಾಗಿ ಕಾಣುತ್ತವೆ. ಸಿಂಕ್ ಗುಂಡಿ ಒತ್ತಿದರೆ ಲಯ ತಾನೇ ಕೂಡುತ್ತದೆ. ಹಾಡಿನಿಂದ ದನಿಯನ್ನೂ ವಾದ್ಯವನ್ನೂ ಬೇರ್ಪಡಿಸುವ ತಂತ್ರವೂ ಬಂದಿದೆ.

ಹಳಬರು ಇದನ್ನು ಮೋಸವೆನ್ನುತ್ತಾರೆ. ನಾನು ಒಪ್ಪಲಾರೆ. ಎಲೆಕ್ಟ್ರಾನಿಕ್ ತಂಬೂರಿ ಬಂದಿತೆಂದು ಸಂಗೀತ ಕೆಟ್ಟಿತೆ? ಉಳಿದ ಗಮನವನ್ನು ಯಾವ ಹಾಡಿನ ಹಿಂದೆ ಯಾವುದು, ಜನ ದಣಿದಿದ್ದಾರೋ ಹುರುಪಿನಲ್ಲಿದ್ದಾರೋ ಎಂದು ನೋಡಲು ಬಳಸಬಹುದು.

ಆದರೂ ಕಿವಿಯ ಅಭ್ಯಾಸ ಬಿಡಬೇಡಿ. ಯಂತ್ರದ ತಾಳಕ್ಕೆ ಕಟ್ಟಿದ ಹಾಡುಗಳಲ್ಲಿ ಸಿಂಕ್ ನಿಷ್ಠಾವಂತ ಸೇವಕ. ರಾಜನ್-ನಾಗೇಂದ್ರರ 1970ರ ದಶಕದ ಹಾಡೊಂದನ್ನು ಹಾಕಿ ನೋಡಿ. ಅಲ್ಲಿ ನುಡಿಸಿದವರು ಮನುಷ್ಯರು. ಪಲ್ಲವಿಯ ವೇಗ ಚರಣದಲ್ಲಿ ಕೊಂಚ ಏರುತ್ತದೆ, ಇಳಿಯುತ್ತದೆ. ಗುಂಡಿಯನ್ನೇ ನಂಬಿ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಎರಡು ಹಾಡೂ ಜಗಳಕ್ಕೆ ನಿಲ್ಲುತ್ತವೆ.