ಎಡೆದೊರೆ ನಾಡಿನಲ್ಲೊಂದು ಕಲ್ಪಿತ ಕ್ರಾಂತಿ

ನಾಲ್ಕೈದು ಮಂದಿ ಒಟ್ಟಿಗೆ ಕುಳಿತು, ತಲೆಗೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ ಕಲ್ಪಿತ ರಾಜ್ಯವೊಂದರ ಕಥೆಯನ್ನು ಮಾತಿನಲ್ಲೇ ಬೆಳೆಸುವ ಆಟಕ್ಕೆ ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಪಾತ್ರಧಾರಣೆಯ ಆಟ, ಎಂಬ ಹೆಸರಿದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಜನಪ್ರಿಯವಾದ ಈ ಆಟದಲ್ಲಿ, ತಿಂಗಳುಗಟ್ಟಲೆ ಮುಂದುವರಿಯುವ ಕಥಾಸರಣಿಯನ್ನು ಕ್ಯಾಂಪೇನ್ ಎಂದೂ ಅದರ ಹಂದರ ಕಟ್ಟಿ ಆಟ ನಡೆಸುವವರನ್ನು ಗೇಮ್ ಮಾಸ್ಟರ್ ಎಂದೂ ಕರೆಯುತ್ತಾರೆ. ರಂಗಕ್ಕೆ ಬಂದ ಪಾತ್ರದ ಹೆಸರು, ಊರು ಕೇಳಿ ಮಾತಿಗೆಳೆಯುವ ದೊಡ್ಡಾಟದ ಸಾರಥಿಯನ್ನು ಕಂಡವರಿಗೆ ಈ ಕೆಲಸ ತೀರ ಅಪರಿಚಿತವೆನಿಸದು. ಆದರೆ ದೊಡ್ಡಾಟದ ಕೊನೆ ನೋಡುವವರಿಗೆಲ್ಲ ಮೊದಲೇ ಗೊತ್ತಿರುತ್ತದೆ, ಇಲ್ಲಿ ಅದು ನಡೆಸುವವರಿಗೂ ಗೊತ್ತಿರಬಾರದು.

ಇಂಥ ಸರಣಿಗಳಲ್ಲಿ ಕ್ರಾಂತಿಯ ಕಥೆ ಬಹುಪಾಲು ಒಂದೇ ಜಾಡಿನಲ್ಲಿ ಸಾಗುತ್ತದೆ: ದುಷ್ಟ ಚಕ್ರವರ್ತಿ, ನರಳುವ ಪ್ರಜೆ, ಭವಿಷ್ಯವಾಣಿ ಹೊತ್ತು ಹುಟ್ಟಿದ ವೀರ, ಕೊನೆಗೆ ಕೋಟೆಯ ಬಾಗಿಲು ಒಡೆಯುವ ಯುದ್ಧ. ಇದರಲ್ಲಿ ಸಾಹಸವಿದೆಯೇ ಹೊರತು ರಾಜಕಾರಣವಿಲ್ಲ. ರಾಜಕಾರಣ ಬೇಕೆನ್ನುವವರಿಗೆ ಕೃಷ್ಣಾ–ತುಂಗಭದ್ರೆಯರ ನಡುವಿನ ರಾಯಚೂರು ದೋಆಬ್, ಹಳೆಯ ಹೆಸರಿನಲ್ಲಿ ಎಡೆದೊರೆ ನಾಡು, ಸಿದ್ಧ ನಕ್ಷೆಯನ್ನೇ ಒದಗಿಸುತ್ತದೆ.

ಲಿಂಗಸುಗೂರನ್ನೇ ನೋಡಬಹುದು. ಹೈದರಾಬಾದ್ ಕಂಟಿಂಜೆಂಟ್ ಎಂಬ, ನಿಜಾಮನ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಸೈನ್ಯದ ಛಾವಣಿ ಇಲ್ಲಿತ್ತು. ಆ ಸೈನ್ಯದ ವೆಚ್ಚಕ್ಕೆಂದೇ 1853ರಲ್ಲಿ ನಿಜಾಮ ಈ ದೋಆಬನ್ನು ಬ್ರಿಟಿಷರ ವಶಕ್ಕೆ ಬಿಟ್ಟುಕೊಡಬೇಕಾಯಿತು. ಕೃಷ್ಣೆಯ ಆಚೆಗಿದ್ದ ಸುರಪುರ ಸಂಸ್ಥಾನದಲ್ಲಿ ತಂದೆಯನ್ನು ಕಳೆದುಕೊಂಡ ಬಾಲರಾಜ ವೆಂಕಟಪ್ಪ ನಾಯಕ ಬೆಳೆದದ್ದು ಫಿಲಿಪ್ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿಯ ಉಸ್ತುವಾರಿಯಲ್ಲಿ. ಈ ಟೇಲರ್ 1839ರಲ್ಲಿ ‘ಕನ್ಫೆಶನ್ಸ್ ಆಫ್ ಎ ಥಗ್’ ಬರೆದ ಕಾದಂಬರಿಕಾರನೂ ಹೌದು. 1853ರಲ್ಲಿ ಅಧಿಕಾರ ವಹಿಸಿಕೊಂಡ ರಾಜ ಐದೇ ವರ್ಷಗಳಲ್ಲಿ ಬ್ರಿಟಿಷರಿಗೆ ಎದುರು ನಿಂತ. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್‌ಹ್ಯಾಮನ ಪಡೆ ಹೊಳೆ ದಾಟಿ ಹೋಗಿ ಬೀಡುಬಿಟ್ಟಾಗ, ಸುರಪುರದ ಬೇಡರು ಇರುಳಿನಲ್ಲಿ ಅದರ ಮೇಲೆ ಎರಗಿದರು. ಮುತ್ತಿಗೆಗೆ ಇನ್ನಷ್ಟು ಸೈನ್ಯ ಕೂಡಿಕೊಂಡಿತು, ರಾಜ ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಸೆರೆಸಿಕ್ಕ. ಸೆರೆಮನೆಗೆ ಬಂದ ಟೇಲರನನ್ನು ಅವನು ಬಾಲ್ಯದಂತೆಯೇ ‘ಅಪ್ಪ’ ಎಂದು ಕರೆದ, ಆದರೆ ತನ್ನನ್ನು ಪ್ರಚೋದಿಸಿದವರ ಹೆಸರು ಹೇಳಲು ಒಪ್ಪಲಿಲ್ಲ ಎಂಬುದು ಟೇಲರನ ಆತ್ಮಕಥೆಯಲ್ಲಿದೆ. ಮದ್ರಾಸಿನ ಕಡೆಗೆ ಸಾಗಿಸುತ್ತಿದ್ದಾಗ ಗುಂಡೇಟಿನಿಂದ ಅವನು ಸತ್ತದ್ದು ಆಕಸ್ಮಿಕವೋ, ಆತ್ಮಹತ್ಯೆಯೋ, ಕೊಲೆಯೋ ಎಂಬ ವಾದ ಇಂದಿಗೂ ಮುಗಿದಿಲ್ಲ.

ಕಥೆ ಕಟ್ಟುವವರು ಇಲ್ಲಿ ಗಮನಿಸಬೇಕಾದದ್ದು ಟೇಲರನ ಪಾತ್ರ. ಅವನು ಆಳುವವರ ಕಡೆಯವನು, ಆದರೂ ಖಳನಾಯಕನಲ್ಲ. ಸಾಕಿದ ಹುಡುಗನ ಮೇಲಿನ ಮಮತೆಯೂ ಸಾಮ್ರಾಜ್ಯದ ಮೇಲಿನ ನಿಷ್ಠೆಯೂ ಅವನಲ್ಲಿ ಏಕಕಾಲಕ್ಕೆ ನಿಜವಾಗಿದ್ದವು. ಇಂಥ ಒಂದು ಪಾತ್ರ ಎದುರಿಗೆ ಬಂದು ಕುಳಿತರೆ ಬಂಡುಕೋರರ ಪಾತ್ರ ವಹಿಸಿದ ಆಟಗಾರರು ಕತ್ತಿ ಹಿರಿಯುವ ಮುನ್ನ ಮಾತನಾಡಲೇಬೇಕಾಗುತ್ತದೆ.

ಎರಡನೆಯ ಸಂಗತಿ ಕಾಲದ್ದು. ಆಗ ಬ್ರಿಟಿಷರ ವಿರುದ್ಧ ಎದ್ದದ್ದು ಸುರಪುರ ಒಂದೇ ಅಲ್ಲ. ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಎದ್ದದ್ದು ಆಯುಧ ಒಪ್ಪಿಸಬೇಕೆಂಬ ಕಾಯಿದೆಯ ವಿರುದ್ಧ, ಸುರಪುರ ಫೆಬ್ರವರಿಯಲ್ಲಿ, ದತ್ತಕದ ಹಕ್ಕು ಕಳೆದುಕೊಂಡ ನರಗುಂದದ ಬಾಬಾಸಾಹೇಬನೂ ಕೊಪ್ಪಳದ ಕೋಟೆ ಹಿಡಿದ ಮುಂಡರಗಿ ಭೀಮರಾಯನೂ 1858ರ ಮೇ ತಿಂಗಳಿನಲ್ಲಿ. ವೈರಿ ಒಬ್ಬನೇ ಆಗಿದ್ದರೂ ದೂರುಗಳು ಬೇರೆಬೇರೆಯಾಗಿದ್ದವು, ಹೊತ್ತು ಕೂಡಿಬರಲಿಲ್ಲ, ಒಬ್ಬೊಬ್ಬರಾಗಿ ಸೋತರು. ಇದನ್ನು ಆಟಕ್ಕೆ ಇಳಿಸಲು ‘ಕ್ಲಾಕ್’ ಎಂಬ ಸಾಧನ ಸಾಕು: ನಾಲ್ಕು, ಆರು ಅಥವಾ ಎಂಟು ಭಾಗ ಮಾಡಿದ ಒಂದು ವೃತ್ತ, ಘಟನೆ ಮುಂದುವರಿದಂತೆಲ್ಲ ಒಂದೊಂದು ಭಾಗ ತುಂಬುತ್ತ ಹೋಗಿ, ವೃತ್ತ ಪೂರ್ಣವಾದಾಗ ಸ್ಫೋಟ. ನಾಲ್ಕು ಬಂಡಾಯಗಳಿಗೆ ನಾಲ್ಕು ವೃತ್ತ ಬರೆದಿಟ್ಟು, ಆಟಗಾರರು ಕೈಕಟ್ಟಿ ಕುಳಿತರೂ ಅವು ತಮ್ಮಷ್ಟಕ್ಕೆ ತುಂಬುವಂತೆ ಮಾಡಿದರೆ, ಯಾವುದನ್ನು ತಡೆಯುವುದು, ಯಾವುದನ್ನು ಚುರುಕುಗೊಳಿಸುವುದು ಎಂಬುದೇ ಆಟದ ಜೀವಾಳವಾಗುತ್ತದೆ.

ದೂರುಗಳು ಎಲ್ಲಿಂದ ಹುಟ್ಟುತ್ತವೆ ಎಂಬುದಕ್ಕೆ ಇದೇ ನಾಡಿನ ಸಿಂಧನೂರಿನ ಕಾಲುವೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆ ಭಾಗದ ರೈತರಿಗೆ ಗೇಜ್ ಇಳಿಯಿತು. ಗೇಜ್ ಎಂದರೆ ಕಾಲುವೆಯಲ್ಲಿ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ. ಅದರ ಒಂದೊಂದು ಅಡಿಗೂ ಇಲ್ಲಿ ಧರಣಿಗಳು ನಡೆದಿವೆ. 5ಎ ಎಂಬ ಇನ್ನೊಂದು ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರಲ್ಲಿ ಆರಂಭವಾದ ಹೋರಾಟ ಮರುವರ್ಷದ ಉಪಚುನಾವಣೆಯಲ್ಲಿ ದೊಡ್ಡ ವಿಷಯವಾಯಿತು. ಕಲ್ಪಿತ ರಾಜ್ಯದಲ್ಲೂ ಕಾಲುವೆಯ ತುದಿಯ ಹಳ್ಳಿಗೆ ದೂರದ ಅರಸನಿಗಿಂತ ಮೇಲ್ಭಾಗದ ನೆಂಟನೇ ಹತ್ತಿರದ ಎದುರಾಳಿಯಾದರೆ, ‘ಜನ’ ಎಂಬುದು ಒಂದೇ ಗುಂಪಲ್ಲ ಎಂಬುದನ್ನು ಯಾರೂ ಭಾಷಣ ಮಾಡಿ ತಿಳಿಸಬೇಕಿಲ್ಲ.

ಮಸ್ಕಿಯಲ್ಲಿ ಇನ್ನೊಂದು ಸಾಮಗ್ರಿಯೂ ಇದೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಗುರುತಿಸಿದ ಇಲ್ಲಿನ ಬಂಡೆಗಲ್ಲಿನ ಶಾಸನ ಅಶೋಕನನ್ನು ಹೆಸರಿಟ್ಟೇ ಕರೆಯುತ್ತದೆಂಬುದಕ್ಕೆ ಪ್ರಸಿದ್ಧ; ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಸಾರ. ಅರಸ ಕಲ್ಲಿನಲ್ಲಿ ಕೊರೆಸಿದ ಮಾತನ್ನೇ ಬಂಡುಕೋರರು ಸಂತೆಯಲ್ಲಿ ಓದಿ ಹೇಳಿ ಅವನಿಂದ ಲೆಕ್ಕ ಕೇಳುವ ಸನ್ನಿವೇಶ ಇದರಿಂದಲೇ ಹುಟ್ಟಬಲ್ಲದು.

ಆದರೆ ಬಹುತೇಕ ಸರಣಿಗಳು ಎಡವುವುದು ಗೆಲುವಿನ ಮರುದಿನದಲ್ಲಿ. ಸೋತ ಸುರಪುರವನ್ನು ಬ್ರಿಟಿಷರು 1860ರಲ್ಲಿ ನಿಜಾಮನಿಗೆ ಕೊಟ್ಟರು, ದೋಆಬನ್ನೂ ಹಿಂದಿರುಗಿಸಿದರು. ಅಂದರೆ ಬಂಡಾಯದ ಲಾಭ ಪಡೆದವನು ಬಂಡೆದ್ದವನೂ ಅಲ್ಲ, ಅದನ್ನು ಅಡಗಿಸಿದವನೂ ಅಲ್ಲ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆಯೇ ಮುಗಿದಾಗಲೂ ಜಾಗೀರುಗಳ ರದ್ದತಿಗೆ 1949ರವರೆಗೆ ಕಾಯಬೇಕಾಯಿತು. ಆದ್ದರಿಂದ ಹತ್ತು ಕೂಟಗಳ ಸರಣಿಯಾದರೆ ಸಿಂಹಾಸನ ಆರನೆಯ ಕೂಟದಲ್ಲೇ ಉರುಳಲಿ. ಕಂದಾಯದ ದಫ್ತರ ಯಾರ ಕೈಗೆ ಹೋಗಬೇಕು, ಸಂಬಳ ಸಿಗದ ಸಿಪಾಯಿಗಳನ್ನು ಏನು ಮಾಡಬೇಕು, ತೂಬಿನ ಕೀಲಿ ಯಾವ ಊರಿನವರ ಬಳಿ ಇರಬೇಕು ಎಂಬುದನ್ನು ಉಳಿದ ನಾಲ್ಕರಲ್ಲಿ ಆಟಗಾರರೇ ಜಗಳವಾಡಿ ತೀರ್ಮಾನಿಸಲಿ.